ಉತ್ತರದ ಗುಂಡಿ ಒತ್ತುವ ಮುನ್ನ

ನೋಡಮ್ಮಾ, ಆನ್‌ಲೈನಿನಲ್ಲಿ ಸ್ಲೈಡ್ ನೋಡಿ ಕಲಿಯುವುದೆಲ್ಲ ದಂಡ ಎಂದು ಮೂಗು ಮುರಿಯುವ ಹಳಬರ ಸಾಲಿಗೆ ನನ್ನನ್ನು ಸೇರಿಸಬೇಡ. ನಾವು ಓದುವಾಗ ಅಪರೂಪದ ಸ್ಲೈಡ್ ಒಂದಿದ್ದರೆ ತರಗತಿಯವರೆಲ್ಲ ಅದಕ್ಕೆ ಸರದಿ ನಿಲ್ಲಬೇಕಿತ್ತು. ಬಣ್ಣ ಮಾಸಿದ್ದರೂ, ಮೂಲೆ ಒಡೆದಿದ್ದರೂ ಅದೇ ಗತಿ. ಈಗ ಬೆಥೆಸ್ಡಾ ಪದ್ಧತಿಯ ಚಿತ್ರಗಳು, ಐಎಆರ್‌ಸಿ ಸಂಸ್ಥೆಯ ಗರ್ಭಕಂಠದ ಜೀವಕೋಶಗಳ ಅಟ್ಲಾಸ್, ಪರೋಪಜೀವಿಗಳಿಗೆ ಅಮೆರಿಕದ ಸಿಡಿಸಿಯವರ ಡಿಪಿಡಿಎಕ್ಸ್, ಎಲ್ಲವೂ ಪುಕ್ಕಟೆ. ಹೊಟ್ಟೆ ತುಂಬ ನೋಡು. ಆದರೆ ಪರದೆ ನಿನಗೆ ಏನನ್ನು ತೋರಿಸುತ್ತಿಲ್ಲ ಎನ್ನುವುದೂ ಗೊತ್ತಿರಲಿ.

40ರ ಮಸೂರದ ಮಟ್ಟದಲ್ಲಿ ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು ಕಾಲು ಮೈಕ್ರಾನ್. 15 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಸ್ಮಿಯರಿಗೆ 360 ಕೋಟಿ ಪಿಕ್ಸೆಲ್ ಆಯಿತು. ಇಷ್ಟಿದ್ದೂ ಅದು ಸಾಮಾನ್ಯವಾಗಿ ಒಂದೇ ಫೋಕಸಿನ ಚಿತ್ರ. ಸ್ಮಿಯರಿಗೋ ದಪ್ಪವಿದೆ. ಹಲವು ಪದರಗಳಲ್ಲಿ ಸ್ಕ್ಯಾನ್ ಮಾಡಬಹುದು, ಆದರೆ ಫೈಲೂ ಅಷ್ಟು ಪಟ್ಟು ಊದಿಕೊಳ್ಳುತ್ತದೆ.

ಇದರಿಂದ ಏನು ನಷ್ಟ ಅಂತೀಯಾ? ಲೀಶ್ಮನ್ ಬಣ್ಣ ಹಾಕಿದ ರಕ್ತದ ಸ್ಮಿಯರಿನಲ್ಲಿ ಕೆಂಪುಕಣದ ಮೇಲೊಂದು ಪ್ಲೇಟ್‌ಲೆಟ್ ಕೂತಿದೆ ಎಂದುಕೋ. ನೇರಳೆ ಚುಕ್ಕೆ, ಸುತ್ತ ತಿಳಿಯಾದ ಅಂಚು. ಫೋಟೋ ನೋಡಿದವರು ಮಲೇರಿಯಾ ಎಂದುಬಿಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಫೈನ್ ಫೋಕಸನ್ನು ಕೂದಲೆಳೆಯಷ್ಟು ತಿರುಗಿಸು: ಪ್ಲೇಟ್‌ಲೆಟ್ ಸ್ಪಷ್ಟವಾದಾಗ ಕಣ ಮಸುಕಾಗುತ್ತದೆ, ಕಣ ಸ್ಪಷ್ಟವಾದಾಗ ಪ್ಲೇಟ್‌ಲೆಟ್ ಜಾರಿಕೊಳ್ಳುತ್ತದೆ. ಪರೋಪಜೀವಿ ಕಣದ ಒಳಗೇ ಇರುವುದರಿಂದ ಎರಡೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಬಣ್ಣದ ಕಸವಾದರೆ ಫೋಕಸ್ ಏರಿಳಿಸಿದಂತೆ ಮಿನುಗುತ್ತದೆ. ಎಫ್‌ಎನ್‌ಎಸಿಯಲ್ಲಿ ಜೀವಕೋಶಗಳ ದಪ್ಪ ಗುಂಪು ಸಿಕ್ಕಾಗಲೂ ಹೀಗೇ. ಎಷ್ಟು ಪದರ, ಅಂಚು ಹೇಗಿದೆ ಎನ್ನುವುದನ್ನು ಬೆರಳು ಆಡಿಸುತ್ತಲೇ ತಿಳಿಯಬೇಕು. ಮೌಸಿಗೆ ಆ ಕೆಲಸ ಬರುವುದಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಪರದೆಯ ಪ್ರಶ್ನೆ ಹತ್ತು ಜೀವಕೋಶ ತೋರಿಸಿ ನಾಲ್ಕು ಆಯ್ಕೆ ಕೊಡುತ್ತದೆ. ಅಂದರೆ ಹುಡುಕುವ ಕೆಲಸವನ್ನು ಯಾರೋ ಆಗಲೇ ಮುಗಿಸಿದ್ದಾರೆ. ಅಕ್ಕಿ ಆರಿಸುವವರಿಗೆ ಬರೀ ಕಲ್ಲನ್ನು ತಟ್ಟೆಗೆ ಹಾಕಿ ‘ಇದೇನು ಹೇಳು’ ಎಂದ ಹಾಗೆ. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇಲ್ಲ ಎನ್ನಬೇಕಾದರೆ ಎಣ್ಣೆ ಮಸೂರದಲ್ಲಿ 100 ಫೀಲ್ಡ್ ನೋಡಿರಬೇಕು. ಮಾಮೂಲಿ ಪ್ಯಾಪ್ ಸ್ಮಿಯರನ್ನು ವರದಿಗೆ ಸಾಕು ಎನ್ನಬೇಕಾದರೆ ಚೆನ್ನಾಗಿ ಕಾಣುವ 8,000ದಿಂದ 12,000 ಸ್ಕ್ವೇಮಸ್ ಕೋಶಗಳಾದರೂ ಇರಬೇಕು ಎನ್ನುತ್ತದೆ ಬೆಥೆಸ್ಡಾ. ‘ಈ ಸ್ಮಿಯರ್ ಸಾಲದು, ಇನ್ನೊಮ್ಮೆ ತೆಗೆಯಿರಿ’ ಎಂದು ಬರೆಯುವ ಎದೆಗಾರಿಕೆ ಹತ್ತು ಕೋಶದ ರಸಪ್ರಶ್ನೆಯಿಂದ ಬರುವುದಿಲ್ಲ. ಆದ್ದರಿಂದ ಪೂರ್ತಿ ಸ್ಲೈಡ್ ಇರುವ ತಾಣಗಳನ್ನೇ ಹುಡುಕು. ಕಡಿಮೆ ಹಿಗ್ಗುವಿಕೆಯಲ್ಲಿ ಒಂದು ಅಂಚಿನಿಂದ ಶುರುಮಾಡಿ ಸಾಲುಸಾಲಾಗಿ ಹೋಗು. ಸಾಫ್ಟ್‌ವೇರ್ ಅನುಮಾನದ ಕೋಶದ ಸುತ್ತ ಚೌಕ ಹಾಕಿ ತೋರಿಸುತ್ತಿದ್ದರೆ ಕಲಿಯುವಷ್ಟು ದಿನ ಅದನ್ನು ಆಫ್ ಮಾಡಿಡು. ಬೇಜಾರು ಬರುತ್ತದೆ, ಬರಲಿ. ಏನೂ ಇಲ್ಲದ ಸ್ಲೈಡನ್ನು ಕೊನೆತನಕ ನೋಡಿದವಳಿಗೇ ಇರುವುದು ಕಣ್ಣಿಗೆ ಬೀಳುವುದು.

ಜೂಮ್ ಮಾಡುವಾಗ ಅಳತೆ ತಪ್ಪುತ್ತದೆ, ಜೋಕೆ. ಎರಡು ಬೆರಳಲ್ಲಿ ಹಿಗ್ಗಿಸಿದರೆ ಯಾವ ನ್ಯೂಕ್ಲಿಯಸ್ಸಾದರೂ ದೊಡ್ಡದೇ. ಪ್ಯಾಪ್ ಸ್ಮಿಯರಿನಲ್ಲಿ ಪಕ್ಕದಲ್ಲಿರುವ ಇಂಟರ್‌ಮೀಡಿಯೆಟ್ ಕೋಶದ ನ್ಯೂಕ್ಲಿಯಸ್ಸೇ ನಿನ್ನ ಅಳತೆಗೋಲು. ಅದರ ಎರಡೂವರೆಯಿಂದ ಮೂರು ಪಟ್ಟು ವಿಸ್ತೀರ್ಣವಿದ್ದರೆ ಎಎಸ್‌ಸಿ-ಯುಎಸ್ ಯೋಚನೆ ಬರಬೇಕು. ವಿಸ್ತೀರ್ಣ ಎಂದೆ, ಅಡ್ಡಳತೆ ಅಲ್ಲ. ಮೂರು ಪಟ್ಟು ವಿಸ್ತೀರ್ಣವಾದರೂ ಅಡ್ಡಳತೆ ದುಪ್ಪಟ್ಟೂ ಆಗುವುದಿಲ್ಲ. ರಕ್ತದ ಸ್ಮಿಯರಿನಲ್ಲಾದರೆ ಏಳು ಮೈಕ್ರಾನ್ ಚಿಲ್ಲರೆಯ ಕೆಂಪುಕಣ ಎಲ್ಲೆಲ್ಲೂ ಇದ್ದೇ ಇರುತ್ತದೆ.

ಉತ್ತರದ ಗುಂಡಿ ಒತ್ತುವ ಮುನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆ. ರೋಗದ ಹೆಸರು ಬೇಡ, ಕಂಡದ್ದನ್ನು ಬರೆ: ನ್ಯೂಕ್ಲಿಯಸ್ಸಿನ ಅಂಚು, ಕ್ರೊಮ್ಯಾಟಿನ್, ಸೈಟೋಪ್ಲಾಸಂ, ಹಿನ್ನೆಲೆ. ತಪ್ಪಿದಾಗ ಕಣ್ಣು ತಪ್ಪಿತೋ ಯೋಚನೆ ತಪ್ಪಿತೋ ಎಂದು ಆ ಸಾಲೇ ಹೇಳುತ್ತದೆ. ಮರುದಿನ ನಿಮ್ಮ ಲ್ಯಾಬಿನಲ್ಲಿ ಅದೇ ಬಗೆಯ ಸ್ಲೈಡ್ ತೆಗೆದು ನೋಡು. ಅಟ್ಲಾಸಿನ ಬಣ್ಣ ಅಲ್ಲಿರುವುದಿಲ್ಲ. ನಿಮ್ಮ ಲ್ಯಾಬಿನ ಹೆಮಟಾಕ್ಸಿಲಿನ್ ಹೇಗೆ ಹಿಡಿಯುತ್ತದೆ ಎನ್ನುವುದು ನಿನಗೇ ತಿಳಿದಿರಬೇಕು.

ನನಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಲೇಬಲ್ಲಿನ ಹೆಸರು, ನಂಬರು ಕಾಣದ ಹಾಗೆ ತೆಗೆ. ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ ಕ್ರೊಮ್ಯಾಟಿನ್ನೆಲ್ಲ ಕಲಸಿಹೋಗುತ್ತದೆ, ಡಾಕ್ಯುಮೆಂಟ್ ಎಂದೇ ಕಳಿಸು. ಹತ್ತರ ಮಸೂರದ್ದೊಂದು, ನಲವತ್ತರದ್ದೊಂದು, ಯಾವ ಬಣ್ಣ, ಎಲ್ಲಿಂದ ತೆಗೆದದ್ದು, ವಯಸ್ಸೆಷ್ಟು. ಇದಾವುದೂ ಇಲ್ಲದೆ ಮಧ್ಯರಾತ್ರಿ ‘ಮೇಡಂ, ಇದೇನು?’ ಎಂದು ಬಂದರೆ ನಾನಂತೂ ಉತ್ತರ ಕೊಡುವವಳಲ್ಲ.