ಬೀಜ ಇಳಿಯದ ಮಗು: ಎಷ್ಟು ದಿನ ಕಾಯಬೇಕು?

ಗರ್ಭದಲ್ಲಿ ಹೊಟ್ಟೆಯೊಳಗೆ ರೂಪುಗೊಳ್ಳುವ ವೃಷಣಗಳು ಹೆರಿಗೆಯ ಹೊತ್ತಿಗೆ ವೃಷಣಚೀಲಕ್ಕೆ ಇಳಿದಿರಬೇಕು. ದಿನ ತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಒಂದಾದರೂ ಮೇಲೆಯೇ ಉಳಿದಿರುತ್ತದೆ. ‘ಬೆಳೆಯುತ್ತಾ ತಾನೇ ಇಳಿಯುತ್ತೆ ಬಿಡಿ’ ಎಂಬ ಹಿರಿಯರ ಮಾತು ಮೊದಲ ಆರು ತಿಂಗಳ ಮಟ್ಟಿಗೆ ನಿಜ. ಆಮೇಲೆ ಅದು ಅಪರೂಪ. ಆದ್ದರಿಂದ ವೃಷಣವನ್ನು ಚೀಲಕ್ಕೆ ಇಳಿಸುವ ಶಸ್ತ್ರಚಿಕಿತ್ಸೆಗೆ 6ರಿಂದ 18 ತಿಂಗಳ ನಡುವಿನ ವಯಸ್ಸೇ ತಕ್ಕದ್ದು. ಚೀಲ ಮೈಬಿಸಿಗಿಂತ 2–4 ಡಿಗ್ರಿ ತಂಪು. ಒಳಗಿನ ಕಾವಿನಲ್ಲೇ ಉಳಿದ ವೃಷಣದಲ್ಲಿ, ಮುಂದೆ ವೀರ್ಯಾಣು ಕೊಡಬೇಕಾದ ಜೀವಕೋಶಗಳು ಎಳವೆಯಲ್ಲೇ ಕ್ಷೀಣಿಸತೊಡಗುತ್ತವೆ. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು, ಈ ಶಸ್ತ್ರಚಿಕಿತ್ಸೆಯಾದ ಸುಮಾರು 17,000 ಗಂಡಸರನ್ನು ಪರಿಶೀಲಿಸಿತು. 13 ವರ್ಷದೊಳಗೆ ಚಿಕಿತ್ಸೆಯಾದವರಲ್ಲಿ ವೃಷಣದ ಕ್ಯಾನ್ಸರ್ ಸಂಭವ ಸಾಮಾನ್ಯರ ಸುಮಾರು ಎರಡು ಪಟ್ಟಿದ್ದರೆ, ತಡವಾದವರಲ್ಲಿ ಐದು ಪಟ್ಟು ಮೀರಿತ್ತು.

ಇಷ್ಟು ಎಳೆಗೂಸಿಗೆ ಅರಿವಳಿಕೆಯೇ ಎಂಬ ತಾಯಿತಂದೆಯರ ಅಳುಕು ಸಹಜವಾದದ್ದೇ. ಆದರೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಶಿಶುಗಳನ್ನು ಐದು ವರ್ಷದವರೆಗೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಬಹುರಾಷ್ಟ್ರೀಯ ಪರೀಕ್ಷೆಯಲ್ಲಿ, ಒಂದು ಗಂಟೆಗಿಂತ ಕಡಿಮೆ ಅರಿವಳಿಕೆಯಿಂದ ಬುದ್ಧಿಬೆಳವಣಿಗೆಗೆ ಕುಂದು ಕಾಣಲಿಲ್ಲ. ವೃಷಣ ತೊಡೆಸಂದಿನಲ್ಲಿ ಕೈಗೆ ಸಿಗುವಂತಿದ್ದರೆ ಮಗು ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳುತ್ತದೆ. ಹಾಗೆಂದು ಎಲ್ಲರಿಗೂ ಕತ್ತರಿ ಬೇಕಿಲ್ಲ: ಚಳಿಗೋ ಮುಟ್ಟಿದಾಗಲೋ ಮೇಲೆ ಸರಿದು ಮತ್ತೆ ಚೀಲಕ್ಕೆ ಬರುವ ವೃಷಣಕ್ಕೆ ವರ್ಷಕ್ಕೊಮ್ಮೆ ತಪಾಸಣೆ ಸಾಕು. ಈ ವ್ಯತ್ಯಾಸ ತಿಳಿಯುವುದು ಸ್ಕ್ಯಾನಿಂಗಿನಿಂದಲ್ಲ, ನುರಿತ ವೈದ್ಯರ ಕೈಯಿಂದ. ಬೆಚ್ಚಗಿನ ನೀರಿನ ಸ್ನಾನದ ವೇಳೆ ನೀವೂ ನೋಡಿ. ಆರು ತಿಂಗಳಾದರೂ ಚೀಲ ಬರಿದಾಗಿದ್ದರೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ.