ಸರಕು ಕಳಿಸುವ ಮುನ್ನ ಕಂಪನಿಯ ಜಾತಕ ನೋಡಿ

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಹಾಗಾಗಿ ಅದೇ ಜಿಲ್ಲೆಯ ಅಥಣಿಯ ಕುಶಲಕರ್ಮಿಗೆ ಎಲ್ಲಿಂದಲೋ ದೊಡ್ಡ ಆರ್ಡರ್ ಬಂದರೆ ಆಶ್ಚರ್ಯವಿಲ್ಲ. ಆದರೆ ಉದ್ರಿ ಕೊಡುವ ಮುನ್ನ ಆರ್ಡರ್ ಕೊಟ್ಟ ಕಂಪನಿಯ ಪೂರ್ವಾಪರ ವಿಚಾರಿಸಿ.

ಮೊದಲು ಅವರ ಸಿಐಎನ್, ಅಂದರೆ ಕಂಪನಿ ಗುರುತಿನ ಸಂಖ್ಯೆ ಕೇಳಿ. ಇದು 21 ಅಕ್ಷರ-ಅಂಕಿಗಳ ಗುರುತು. ಮೊದಲಕ್ಷರ 'ಯು' ಇದ್ದರೆ ಕಂಪನಿ ಷೇರುಪೇಟೆಯಲ್ಲಿಲ್ಲ, 'ಎಲ್' ಇದ್ದರೆ ಇದೆ. ಮುಂದಿನ ಐದು ಅಂಕಿ ಉದ್ಯಮದ ಬಗೆ, ಆಮೇಲೆ ಎರಡಕ್ಷರ ರಾಜ್ಯ, ನಂತರದ ನಾಲ್ಕು ಅಂಕಿ ನೋಂದಣಿಯಾದ ವರ್ಷ. "ಇಪ್ಪತ್ತು ವರ್ಷದ ಅನುಭವ" ಎನ್ನುವವರ ಸಂಖ್ಯೆಯಲ್ಲಿ 2023 ಕಂಡರೆ, ಮೊದಲು ಯಾವ ಹೆಸರಲ್ಲಿ ವ್ಯಾಪಾರ ಮಾಡುತ್ತಿದ್ದಿರಿ ಎಂದು ಕೇಳಿ. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಹಳೆಯ ಕಾಗದ ಇರಲೇಬೇಕು.

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಿರ್ದೇಶಕರ ಹೆಸರು, ಆಸ್ತಿ ಅಡವಿಟ್ಟು ಪಡೆದ ಸಾಲದ ವಿವರ ಸಿಗುತ್ತವೆ. ಲೆಕ್ಕಪತ್ರಗಳನ್ನು ಶುಲ್ಕ ಕಟ್ಟಿ ನೋಡಬಹುದು. ಜಿಎಸ್‌ಟಿ ಜಾಲತಾಣದಲ್ಲಿ ಜಿಎಸ್‌ಟಿ ಸಂಖ್ಯೆ ಪರೀಕ್ಷಿಸಲು ದುಡ್ಡೇ ಬೇಡ. 29ರಿಂದ ಶುರುವಾದರೆ ಕರ್ನಾಟಕ, 27 ಆದರೆ ಮಹಾರಾಷ್ಟ್ರ. ನೋಂದಣಿ ರದ್ದಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಗಡಿಯಲ್ಲಿರುವ ನಮಗೆ ಇದು ಬಹಳ ಉಪಯೋಗದ್ದು. ಆರ್ಡರ್ ಸೌಹಾರ್ದ ಸಹಕಾರಿಯಿಂದ ಬಂದಿದ್ದರೆ, ಅವು ಕಂಪನಿಗಳಲ್ಲ, ಅವನ್ನು ಸಚಿವಾಲಯದ ಜಾಲತಾಣದಲ್ಲಿ ಹುಡುಕಬೇಡಿ. ಅವುಗಳ ನೋಂದಣಿ 1997ರ ಬೇರೆ ಕಾಯ್ದೆಯಡಿ.

ಕಾಗದವೆಲ್ಲ ಸರಿಯಿದ್ದರೂ ಅವರಿಗೆ ಹಿಂದೆ ಸರಕು ಕೊಟ್ಟವರಿಗೆ ಫೋನ್ ಮಾಡಿ, ಹಣ ಎಷ್ಟು ದಿನಕ್ಕೆ ಬಂತೆಂದು ಕೇಳಿ. ಚಪ್ಪಲಿ ಹೊಲಿದ ಅಕ್ಕ-ತಂಗಿಯರ ಕೂಲಿ ಆ ಹಣದಲ್ಲಿದೆ. ಹೊಸ ಗಿರಾಕಿಯಿಂದ ಮುಂಗಡ ಬರದೆ ಸರಕನ್ನು ಲಾರಿಗೆ ಹೇರಬೇಡಿ.