ಕೂಲೆಂಟ್ ಹೊಯ್ದರಷ್ಟೇ ಸಾಲದು, ಗಾಳಿಯೂ ಹೊರಬರಬೇಕು

ಮಂಗಳೂರಿನಿಂದ ಲೋಡ್ ಹೊತ್ತ ಲಾರಿ ಗುಂಡ್ಯದವರೆಗೆ ಸಲೀಸಾಗಿ ಬರುತ್ತದೆ. ಶಿರಾಡಿ ಘಾಟಿ ಶುರುವಾದ ಮೇಲೆ ಆಟವೇ ಬೇರೆ. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿ ತೆವಳುವುದರಿಂದ ರೇಡಿಯೇಟರಿಗೆ ಬಡಿಯುವ ಗಾಳಿಯೂ ಕಡಿಮೆ. ಅಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನತ್ತ ವಾಲಿದರೆ ಡ್ರೈವರ್ ಬೈಯುವುದು ರೇಡಿಯೇಟರನ್ನು. ಆದರೆ ಇತ್ತೀಚೆಗಷ್ಟೇ ಕೂಲೆಂಟ್ ಬದಲಿಸಿದ ಗಾಡಿಯಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು.

ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಅದು ತೆರೆಯುವುದು ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಸುರಿದ ಕೂಲೆಂಟ್ ಬಾಯಿಮಟ್ಟ ಬಂದರೂ ಸಿಲಿಂಡರ್ ಹೆಡ್ ಬಳಿ ಗಾಳಿ ಉಳಿದಿರಬಹುದು. ಗುಳ್ಳೆ ನಿಂತ ಜಾಗದಲ್ಲಿ ಲೋಹದ ಬಿಸಿ ಹೊರಹೋಗುವುದಿಲ್ಲ. ಸೆನ್ಸರೇ ಗಾಳಿಯಲ್ಲಿದ್ದರಂತೂ ಗೇಜ್ ಸುಳ್ಳು ಹೇಳುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಲಾರಿಗಳಲ್ಲಿ ಇಜಿಆರ್ ಕೂಲರ್, ಬ್ರೇಕ್ ಕಂಪ್ರೆಸರ್, ಕೆಲವು ಮಾದರಿಗಳಲ್ಲಿ ಯೂರಿಯಾ ಟ್ಯಾಂಕಿಗೂ ಕೂಲೆಂಟ್ ಹರಿಯುತ್ತದೆ. ಪೈಪು ಹೆಚ್ಚಿದಷ್ಟೂ ಗಾಳಿ ಅಡಗುವ ಮೂಲೆಗಳೂ ಹೆಚ್ಚು.

ಆದ್ದರಿಂದ ಕೆಲಸ ಶುರುವಾಗುವುದು ಅಳತೆಯಿಂದ. ತಣ್ಣಗಾದ ಎಂಜಿನ್‌ನಿಂದ ಹಳೆಯದನ್ನು ಬಕೆಟ್ಟಿಗೆ ಇಳಿಸಿ ಎಷ್ಟು ಲೀಟರ್ ಎಂದು ಬರೆದಿಡಬೇಕು. ರೇಡಿಯೇಟರ್ ಕೆಳಗಿನ ಪ್ಲಗ್ ಬಿಚ್ಚಿದರೆ ಸಾಲದು, ಬ್ಲಾಕಿನ ಪ್ಲಗ್ಗನ್ನೂ ಬಿಚ್ಚಬೇಕು. ಅವಸರದ ಗ್ಯಾರೇಜುಗಳು ಬಿಡುವುದು ಇದನ್ನೇ. ಕೈಪಿಡಿ 30 ಲೀಟರ್ ಎನ್ನುವ ಗಾಡಿ 24ಕ್ಕೇ ತುಂಬಿಕೊಂಡರೆ ಉಳಿದ 6 ಲೀಟರಿನ ಜಾಗದಲ್ಲಿ ಗಾಳಿಯಿದೆ, ಇಲ್ಲವೇ ಹಳೆಯ ನೀರಿದೆ.

ನೀರು ಹಾಕಿ ತೊಳೆದಿದ್ದರೆ ಇನ್ನೊಂದು ಲೆಕ್ಕ. ಒಳಗೆ ಉಳಿದ ನೀರು ರೆಡಿಮಿಕ್ಸ್ ಕೂಲೆಂಟನ್ನು ತೆಳುವಾಗಿಸುತ್ತದೆ. ಅಂಥಲ್ಲಿ ನೀರು ಬೆರೆಸದ ಕೂಲೆಂಟನ್ನೇ ಮೊದಲು ಒಟ್ಟು ಸಾಮರ್ಥ್ಯದ ಅರ್ಧದಷ್ಟು, ಅಂದರೆ 30ಕ್ಕೆ 15 ಲೀಟರ್ ಹೊಯ್ದು, ಉಳಿದಷ್ಟಕ್ಕೆ ಡಿಸ್ಟಿಲ್ಡ್ ವಾಟರ್ ತುಂಬುವುದು ಜಾಣತನ. ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ನಮ್ಮಲ್ಲಿ ಹಿಮವೆಲ್ಲಿದೆ, ಬರೀ ನೀರು ಸಾಕು ಎನ್ನುವವರು ಈಗಲೂ ಇದ್ದಾರೆ. ಎಥಿಲೀನ್ ಗ್ಲೈಕಾಲ್ ಅರ್ಧ, ನೀರು ಅರ್ಧ ಬೆರೆತರೆ ಮೈನಸ್ 35 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ, ನಿಜ. ಸೇಬು ತರಲು ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹೋಗುವ ಲಾರಿಗೆ ಅದು ಬೇಕು. ಊರಲ್ಲೇ ಓಡುವ ಲಾರಿಗೆ ಬೇಕಾದದ್ದು ಬೇರೆ ಗುಣ: ಈ ಮಿಶ್ರಣ ನೀರಿಗಿಂತ ತಡವಾಗಿ ಕುದಿಯುತ್ತದೆ, ತುಕ್ಕು ತಡೆಯುತ್ತದೆ, ಡೀಸೆಲ್ ಎಂಜಿನ್ ಲೈನರುಗಳಿಗೆ ತೂತು ಬೀಳದಂತೆ ಕಾಯುತ್ತದೆ. ಬಣ್ಣ ನೋಡಿ ಕೊಳ್ಳುವಂತಿಲ್ಲ. ಹಸಿರು, ಕೆಂಪು, ಗುಲಾಬಿ ಎಲ್ಲ ಕಂಪನಿಗಳ ಇಷ್ಟ. ಕೈಪಿಡಿಯಲ್ಲಿರುವ ದರ್ಜೆಯನ್ನೇ ಕೇಳಬೇಕು.

ಇನ್ನು ತುಂಬುವ ಕೆಲಸ. ಗಾಡಿ ಸಮತಟ್ಟು ನೆಲದಲ್ಲಿ ನಿಂತಿರಲಿ. ಕ್ಯಾಬಿನ್ ಹೀಟರ್ ಇದ್ದರೆ ಅದರ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಬೇಕು, ಆಗಲೇ ಆ ಪೈಪಿಗೂ ಕೂಲೆಂಟ್ ಹೋಗುವುದು. ಬ್ಲೀಡ್ ಸ್ಕ್ರೂ ಸಡಿಲಿಸಿ ಸಣ್ಣ ಧಾರೆಯಲ್ಲಿ ಹೊಯ್ಯುತ್ತಾ, ಗುಳ್ಳೆಯಿಲ್ಲದೆ ಕೂಲೆಂಟ್ ಬಂದಾಗ ಸ್ಕ್ರೂ ಬಿಗಿಯಬೇಕು. ಮೇಲಿನ ಹೋಸನ್ನು ನಡುನಡುವೆ ಹಿಚುಕಿದರೆ ಗಾಳಿ ಗುಳುಗುಳು ಎಂದು ಮೇಲೇಳುತ್ತದೆ. ಅವಸರಪಟ್ಟು ಬಕೆಟ್ ಬಗ್ಗಿಸಿದರೆ ಗಾಳಿಗೆ ಹೊರಬರಲು ದಾರಿಯೇ ಇರುವುದಿಲ್ಲ.

ಆಮೇಲೆ ಮುಚ್ಚಳದ ವಿಷಯದಲ್ಲಿ ಕೈಪಿಡಿ ಹೇಳಿದಂತೆ ನಡೆದು, ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಬೇಕು. ರೇಡಿಯೇಟರಿಗೆ ಹೋಗುವ ಹೋಸ್ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ತೆರೆದಿದೆ. ಆಗ ಟ್ಯಾಂಕಿನ ಮಟ್ಟ ಇಳಿಯುತ್ತದೆ, ಗಾಬರಿ ಬೇಡ. ಎಂಜಿನ್ ಆಫ್ ಮಾಡಿ, ಪೂರ್ತಿ ಆರಿದ ಮೇಲಷ್ಟೇ ಮುಚ್ಚಳ ತೆಗೆದು ಕೊರತೆ ತುಂಬಬೇಕು. ಬಿಸಿಯಲ್ಲಿ ತೆಗೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ಒಂದು ಸಣ್ಣ ಓಟ ಮುಗಿಸಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡಿ, ಹೊಯ್ದ ಲೀಟರನ್ನು ಕೈಪಿಡಿಯ ಲೆಕ್ಕಕ್ಕೆ ತಾಳೆ ಹಾಕಿದ ನಂತರ ಘಾಟಿಯ ಟ್ರಿಪ್ಪು.

ಇಳಿಸಿದ ಹಳೆಯ ಕೂಲೆಂಟ್ ಸಿಹಿ ರುಚಿಯ ವಿಷ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ಮುಚ್ಚಿಟ್ಟು, ಹಳೆಯ ಎಣ್ಣೆಯ ಜತೆ ಇದನ್ನೂ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಬೇಕು. ಹೊಸ ಮಿಶ್ರಣದ ಒಂದು ಕ್ಯಾನ್ ಲಾರಿಯಲ್ಲೇ ಇರಲಿ. ಎರಡು ಮೂರು ಸಲ ತುಂಬಿದರೂ ಮಟ್ಟ ಇಳಿಯುತ್ತಲೇ ಇದ್ದರೆ ಹೋಸ್ ಕ್ಲಿಪ್ಪು, ವಾಟರ್ ಪಂಪ್ ಸೋರುತ್ತಿವೆಯೇ ನೋಡಬೇಕು. ಎಂಜಿನ್ ಓಡುವಾಗ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಅದು ತುಂಬುವಾಗ ಉಳಿದ ಗಾಳಿಯಲ್ಲ. ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಬೇಕು.